ಎರಡು ಬೆರಳು ಅಗಲ

"ಹೊಸ ಪಟ್ಟಿ ಅವಳದ್ದಕ್ಕಿಂತ ಎರಡು ಬೆರಳು ಅಗಲ ಇರ್ಲಿ," ಎಂದು ಹಿರಿಯ ಸೊಸೆ ಬಡಗಿಗೆ ಮತ್ತೊಮ್ಮೆ ಹೇಳಿದಳು.

ಬಡಗಿ ಏಣಿಯ ಮೇಲೆ ನಿಂತು, ಹಜಾರದ ಸೂರಿನಂಚಿಗೆ ಸುತ್ತಲೂ ಬಡಿದಿದ್ದ ಹಳೆಯ ಮರದ ಪಟ್ಟಿಯನ್ನು ತಟ್ಟಿ ನೋಡುತ್ತಿದ್ದ. ತೇಗದ್ದು. ಉದ್ದಕ್ಕೂ ಕೆತ್ತಿದ ಬಳ್ಳಿ, ಗೇಣಿಗೊಂದು ಹೂ. ಒಂದು ಹೂವಿನ ನಡುವೆ ಮಾತ್ರ ತೂತು. ಮಗಳ ಹುಟ್ಟುಹಬ್ಬಕ್ಕೆ ಬಣ್ಣದ ಕಾಗದ ಕಟ್ಟಲು ಹಿರಿಯ ಸೊಸೆಯೇ ಹೊಡೆದಿದ್ದ ಮೊಳೆಯದು.

"ಅಮ್ಮಾ, ಇದು ಗಟ್ಟಿಮುಟ್ಟಾಗಿದೆ. ಬಣ್ಣ ಕೆರೆದು ಪಾಲಿಶ್ ಹೊಡೆದ್ರೆ ಸಾಕು. ಕೀಳೋದ್ಯಾಕೆ?"

"ನಿಮಗೆ ಕೆಲಸ ಬೇಕೋ, ಉಪದೇಶ ಮಾಡೋದು ಬೇಕೋ?"

ಬಡಗಿ ಉಳಿ ಕೈಗೆತ್ತಿಕೊಂಡ.

ಮನೆ ಪಾಲಾದಾಗ ಹಜಾರದ ನಡುವೆ ಗೋಡೆ ಎದ್ದಿತ್ತು. ಈ ಕಡೆ ಇವಳ ಸಂಸಾರ, ಆ ಕಡೆ ಮೈದುನನದ್ದು. ಅಂದಿನಿಂದ ವಾರಗಿತ್ತಿಯರ ನಡುವೆ ಮಾತುಕತೆ ಅಷ್ಟಕ್ಕಷ್ಟೆ. ಇವಳಂತೂ ಆ ಹೊಸಿಲು ತುಳಿದಿರಲಿಲ್ಲ. ಹೋದ ವಾರ ವಾರಗಿತ್ತಿಯ ಜಗಲಿಯಲ್ಲಿ ಸೂರಿನಂಚಿಗೆ ಬಡಿಯುವ ಬಿಳಿ ಬೀಡಿಂಗ್ ಪಟ್ಟಿಗಳ ಕಟ್ಟು ಕಂಡಿದ್ದೇ ತಡ, ಇವಳ ಹೊಟ್ಟೆಗೆ ಬೆಂಕಿ ಬಿತ್ತು. ನಿನ್ನೆ ಮೊನ್ನೆ ಬಂದವಳಿಗೆ ಇಷ್ಟು ಠೀವಿಯೇ! ಅವಳ ಹಜಾರ ಫಳಫಳ ಹೊಳೆದು, ಅತ್ತೆ ಅತ್ತ ಹೊರಟುಬಿಟ್ಟರೆ?

ಅದೇ ಅವಳ ದಿಗಿಲು. ಪಾಲಿನಲ್ಲಿ ಕಪಾಟು ಹೋಯಿತು, ಬಾವಿ ಹೋಯಿತು, ಸಹಿಸಿಕೊಂಡಳು. "ನಾನು ಹಿರಿಯವಳ ಹತ್ರಾನೇ ಇರ್ತೀನಿ" ಎಂದು ಅತ್ತೆ ಎಲ್ಲರೆದುರು ಹೇಳಿದ್ದೊಂದೇ ಸಾಕಾಗಿತ್ತು. ಅತ್ತೆಯ ಬೆತ್ತದ ಕುರ್ಚಿ ಯಾರ ಹಜಾರದಲ್ಲಿದೆಯೋ ಅದೇ ಮನೆ, ಉಳಿದದ್ದು ಬರೀ ಕೋಣೆಗಳು ಎಂದು ಅವಳ ಲೆಕ್ಕ. ಈಗ ಅತ್ತೆ ತಮ್ಮ ಮಗಳ ಮನೆಗೆ ಹೋಗಿದ್ದರು. ಬರುವಷ್ಟರಲ್ಲಿ ಎಲ್ಲ ಮುಗಿಯಬೇಕಿತ್ತು.

ಕಿತ್ತ ಪಟ್ಟಿಗಳು ಹಿತ್ತಲಿಗೆ ಬಿದ್ದವು. ಸಂಜೆ ಮೋಟುಗೋಡೆಯಾಚೆ ವಾರಗಿತ್ತಿಯ ತಲೆ ಕಾಣಿಸಿತು.

"ಅಕ್ಕಾ, ಅದು ನಿಮಗೆ ಬೇಡ್ವಾ? ನಾನು ತಗೊಳ್ಲಾ?"

"ತಗೊಂಡು ಹೋಗು. ಒಲೆಗಾದ್ರೂ ಆಗುತ್ತೆ."

ನನ್ನ ಕಸಕ್ಕೂ ಕೈ ಚಾಚ್ತಾಳಲ್ಲ, ಪಾಪ! ಅಂದು ರಾತ್ರಿ ಅವಳಿಗೆ ಊಟ ಎರಡು ತುತ್ತು ಹೆಚ್ಚೇ ಸೇರಿತು.

ಹೊಸ ಪಟ್ಟಿ ಏರಿದ ಮೇಲೆ ಹಜಾರ ಯಾಕೋ ತಗ್ಗಾದಂತೆ ಕಂಡಿತು. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವಳದ್ದಲ್ಲ. ಅತ್ತೆ ಬಂದವರೇ ಕತ್ತೆತ್ತಿ ಸುತ್ತ ನೋಡಿದರು.

"ಚೆನ್ನಾಗಿದೆ ಕಣೇ. ಆಸ್ಪತ್ರೆ ಥರ ಬೆಳ್ಳಗೆ." ಆಮೇಲೆ ಕೇಳಿದರು, "ಹೂವಿನ ಪಟ್ಟಿ ಎಲ್ಲಿ?"

"ಹಳೇದಾಗಿತ್ತು ಅತ್ತೆ, ತೆಗೆಸ್ದೆ."

ಅತ್ತೆ ಚೀಲ ಕೆಳಗಿಟ್ಟರು. ಕಿರಿಯವಳನ್ನು ಮಾತಾಡಿಸಿ ಬರುತ್ತೇನೆಂದು ಹೋದವರು ಟೀ ಹೊತ್ತಾದರೂ ಬರಲಿಲ್ಲ. ಕರೆತರಲೆಂದು ಇವಳೇ ಹೋಗಬೇಕಾಯಿತು.

ಆ ಹಜಾರದಲ್ಲಿ ಒಂದು ತುಂಡು ಬಿಳಿ ಬೀಡಿಂಗೂ ಇರಲಿಲ್ಲ. ಸೂರಿನ ಸುತ್ತಲೂ ಬಳ್ಳಿ ಹರಿದಿತ್ತು, ಜೇನಿನ ಬಣ್ಣಕ್ಕೆ ತಿರುಗಿ, ನಡುವಿನ ಗೋಡೆಯ ಮೇಲೂ ಎಲ್ಲೂ ಕಡಿಯದೆ. ಕೆಳಗೆ ಚಾಪೆಯ ಮೇಲೆ ಅತ್ತೆ ಅಂಗಾತ ಮಲಗಿದ್ದರು.

"ಹೊಸದಾಗಿ ಬಂದಾಗ ನಂಗಿಲ್ಲಿ ಯಾರೂ ಗೊತ್ತಿರ್ಲಿಲ್ಲ. ಮಧ್ಯಾಹ್ನ ಹೀಗೇ ಮಲಗಿ ಈ ಹೂಗಳನ್ನೇ ನೋಡ್ತಿದ್ದೆ," ಎಂದರು, ಯಾರಿಗೆಂದಿಲ್ಲದೆ.

"ನಮ್ಮ ಕಡೇದನ್ನ ಅರ್ಧ ಗೆದ್ದಲು ತಿಂದುಹಾಕಿತ್ತು ಅಕ್ಕಾ," ಎಂದಳು ವಾರಗಿತ್ತಿ ನಗುತ್ತ. "ಅದಕ್ಕೆ ನಿಮ್ಮದನ್ನೇ ಸೇರಿಸಿದ್ವಿ. ನಿಜ ಹೇಳ್ತೀನಿ, ನಿಮ್ಮ ಹಜಾರ ನೆನೆಸ್ಕೊಂಡಾಗೆಲ್ಲ ನಂಗೆ ಹೊಟ್ಟೆ ಉರೀತಿತ್ತು."

"ಮತ್ತೆ ಆ ಬಿಳಿ ಬೀಡಿಂಗು?"

"ಅದಾ? ಹಿಂದಿನ ಸಾಮಾನು ಕೋಣೆಗೆ."

ಇವಳು ಅತ್ತೆಯ ಕಡೆ ತಿರುಗಿದಳು. "ಅತ್ತೆ, ಟೀ ಆರಿಹೋಗುತ್ತೆ."

"ನೀನು ನಡಿ, ಬರ್ತೀನಿ," ಎಂದರು ಅತ್ತೆ. ಕಣ್ಣು ಮಾತ್ರ ಸೂರು ಬಿಟ್ಟು ಕೆಳಗಿಳಿಯಲಿಲ್ಲ.

ಮರುದಿನ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಅತ್ತೆ ಕೇಳಿದರು: "ನನ್ನ ಕುರ್ಚಿ ಆ ಕಡೆ ಹಾಕಿಸ್ತೀಯೇನೇ? ಮಧ್ಯಾಹ್ನದ ಹೊತ್ತು ಮಾತ್ರ."

"ನಾನೇ ಎತ್ಕೊಂಡ್ಹೋಗ್ತೀನಿ," ಎಂದು ಗಂಡ ಎದ್ದ. ಅವಳು ಬಿಡಲಿಲ್ಲ. ಕುರ್ಚಿಯನ್ನು ಎದೆಗವಚಿಕೊಂಡು ತಾನೇ ಜಗಲಿ ದಾಟಿದಳು.

"ಎಲ್ಲಿ ಹಾಕ್ಲಿ ಅತ್ತೆ?"

"ಎಲ್ಲಾದ್ರೂ ಹಾಕು."

ಅವಳು ಕತ್ತೆತ್ತಿ ಬಳ್ಳಿಗುಂಟ ಹುಡುಕುತ್ತ ಹೋದಳು. ಕಿಟಕಿಯ ಪಕ್ಕದ ಮೂಲೆಯಲ್ಲಿ ತಾನು ಹೊಡೆದಿದ್ದ ಮೊಳೆಯ ತೂತಿನ ಹೂ ಸಿಕ್ಕಿತು. ಕುರ್ಚಿಯನ್ನು ಅದರ ನೇರ ಕೆಳಗಿಟ್ಟು, ಅಲುಗಾಡದಂತೆ ಒಮ್ಮೆ ಒತ್ತಿ ನೋಡಿದಳು.