ಬೇರೆಯವರು ತುಂಬಿದ ತೋಟಾ

ವರ್ಲಿನ್‌ಗೆ ಗಾರ್ತ್‌ನನ್ನು ಕಂಡರೆ ಆಗುತ್ತಿರಲಿಲ್ಲ. ಕಾರಣವೇನೂ ಗುಟ್ಟಲ್ಲ, ವರ್ಲಿನ್‌ನನ್ನು ಬಿಟ್ಟುಹೋದ ಹೆಂಡತಿ ಜನೆಲ್ ಕಟ್ಟಿಕೊಂಡಿದ್ದು ಇದೇ ಗಾರ್ತ್‌ನನ್ನು. ಅಂಥವನನ್ನು ತನ್ನ ಶೆಡ್ಡಿನೊಳಗೆ ಬಿಟ್ಟುಕೊಂಡು, ತೋಟಾ ತುಂಬುವ ವಿದ್ಯೆ ಹೇಳಿಕೊಡುವ ಗ್ರಹಚಾರ ಈಗ ಬಂದಿತ್ತು. ಆ ವರ್ಷ ಮೊಂಟಾನಾದ ಯಾವ ಅಂಗಡಿಯಲ್ಲೂ ತೋಟಾ ಸಿಗುತ್ತಿರಲಿಲ್ಲ. ಜನೆಲ್ ಫೋನು ಮಾಡಿ, "ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಮ್ಮನೇಲಿ ಒಬ್ಬರಿಗಾದ್ರೂ ಈ ಕೆಲಸ ಬರಬೇಕು. ಟೆಸ್ಸಾ ಇರೋದೂ ಇಲ್ಲೇ ತಾನೆ?" ಎಂದಿದ್ದಳು. ಮಗಳ ಹೆಸರೆತ್ತಿದರೆ ವರ್ಲಿನ್ ಇಲ್ಲವೆನ್ನಲಾರ ಎಂಬುದು ಆ ಮಹಾತಾಯಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾಗಿ ಎರಡು ತಿಂಗಳಿಂದ ಪ್ರತಿ ಶನಿವಾರ ಗಾರ್ತ್ ಬರುತ್ತಿದ್ದ. ಲೋಕ ಮುಳುಗುವ ಕಾಲಕ್ಕೆ ಬೇಕೆಂದು ಮನೆಯ ನೆಲಮಾಳಿಗೆ ತುಂಬ ಬೀನ್ಸ್ ಡಬ್ಬಿ, ನೀರಿನ ಪೀಪಾಯಿ ಪೇರಿಸಿಟ್ಟುಕೊಂಡ ಆಸಾಮಿ.

"ಪ್ರಳಯ ಯಾವತ್ತು ಮಾರಾಯ? ಬೀನ್ಸ್ ಕೆಟ್ಟುಹೋಗೋದ್ರೊಳಗೆ ಬರುತ್ತೋ ಇಲ್ವೋ?" ಎಂದ ವರ್ಲಿನ್.

"ಬರದಿದ್ರೆ ಕೂತು ತಿಂತೀನಿ. ನೀವು ಕೆಲಸ ತೋರಿಸಿ."

ಹಾರಿಸಿ ಉಳಿದ ಹಿತ್ತಾಳೆಯ ಚಿಪ್ಪುಗಳನ್ನು ತೊಳೆದು, ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮರದ ಹಲಗೆಯ ಕುಳಿಗಳಲ್ಲಿ ಬಾಯಿ ಮೇಲೆ ಮಾಡಿ ನಿಲ್ಲಿಸಬೇಕು. ಒಂದೊಂದಕ್ಕೂ ಒಂದೇ ಅಳತೆ ಮದ್ದು, ಮೇಲೆ ಗುಂಡು ಒತ್ತಿದರೆ ಮುಗಿಯಿತು. ರಿವಾಲ್ವರಿನ ಚಿಪ್ಪಿಗೆ ಆ ಅಳತೆ ಅರ್ಧಕ್ಕೂ ಬರುವುದಿಲ್ಲ. ಮರೆತು ಎರಡು ಸಲ ಸುರಿದರೂ ಹೊರಗೆ ಚೆಲ್ಲುವುದಿಲ್ಲ, ಗುಂಡು ಒತ್ತಿದ ಮೇಲೆ ಯಾರ ಕಣ್ಣಿಗೂ ಕಾಣುವುದಿಲ್ಲ. ಹಾರಿಸಿದವರ ಕೈಯಲ್ಲೇ ರಿವಾಲ್ವರ್ ಸಿಡಿದಾಗ ಮಾತ್ರ ಗೊತ್ತಾಗುತ್ತದೆ. ಅದಕ್ಕೇ ವರ್ಲಿನ್‌ನ ಮೊದಲನೇ ಪಾಠ, ಮದ್ದು ಸುರಿಯುವಾಗ ಬಾಯಿಗೆ ಬೀಗ. ಎರಡನೆಯದು, ಬೇರೆಯವರು ತುಂಬಿದ ತೋಟಾ ನಿನ್ನ ಕೋವಿಗೆ ಬೇಡ. ಟೆಸ್ಸಾ ಚಿಕ್ಕವಳಿದ್ದಾಗಿನಿಂದ ಅವಳಿಗೂ ಇದನ್ನೇ ಹೇಳಿದ್ದ, "ಒಂದೋ ನಿನ್ನ ಕೈಯದು, ಇಲ್ಲ ನಿಮ್ಮಪ್ಪನ ಕೈಯದು."

ಟೆಸ್ಸಾ ಈಗ ಕುದುರೆಯ ಮೇಲೆ ಬೆಟ್ಟದಲ್ಲಿ ಊರವರ ದನ ಕಾಯುವ ಕೆಲಸದಲ್ಲಿದ್ದಳು. ಕರಡಿ ಓಡಾಡುವ ಜಾಗ. ಸೊಂಟದ ರಿವಾಲ್ವರಿನಲ್ಲಿ ಯಾವಾಗಲೂ ಅಪ್ಪನ ತೋಟಾಗಳೇ. ಹೆಂಡತಿ ಹೋದಳು, ಮಗಳೂ ಅವಳ ಜೊತೆ ಹೋದಳು, ವರ್ಲಿನ್‌ಗೆ ಉಳಿದದ್ದು ಈ ಒಂದು ನಂಬಿಕೆ ಅಷ್ಟೇ.

ಆ ಶನಿವಾರವೂ ಗಾರ್ತ್ ತನ್ನ ಹಲಗೆಯ ಪ್ರತಿ ಚಿಪ್ಪಿನೊಳಗೂ ಟಾರ್ಚು ಬಿಟ್ಟು ನೋಡಿ, ಆಮೇಲೆ ಗುಂಡು ಒತ್ತುತ್ತಿದ್ದ.

"ನೀನೇನು ಹಲ್ಲಿನ ಡಾಕ್ಟರಾ? ಒಂದೊಂದರ ಬಾಯೊಳಗೂ ಇಣುಕ್ತೀಯಲ್ಲ!" ಎಂದು ವರ್ಲಿನ್ ನಕ್ಕ. ನಗುತ್ತಲೇ ಟೆಸ್ಸಾಗೆಂದು ಹೊಸ ಹಲಗೆ ಎಳೆದುಕೊಂಡು ಮದ್ದು ಸುರಿಯತೊಡಗಿದ. ಬಾಯಿ ಮಾತ್ರ ನಿಲ್ಲಲಿಲ್ಲ. ಗಾರ್ತ್ ಎದುರಿಗಿದ್ದರೆ ಅದು ನಿಲ್ಲುತ್ತಲೂ ಇರಲಿಲ್ಲ. "ಜನೆಲ್ ಈಗಲೂ ಸಿಟ್ಟು ಬಂದ್ರೆ ತಟ್ಟೆ ಎಸೀತಾಳಾ? ಅಥವಾ ನಿನ್ನ ಮುಖ ನೋಡಿ ಪಾಪ ಅಂತ ಬಿಟ್ಟಿದ್ದಾಳಾ?"

ಗಾರ್ತ್ ಮುಖ ಕೆಂಪಾಯಿತು. ಆದರೂ ಅವನು ಹೇಳಿದ್ದು ಬೇರೆಯೇ. "ವರ್ಲಿನ್, ಆ ಸಾಲಿಗೆ ಆಗಲೇ ಹಾಕಿದ್ರಿ."

"ನೀನು ನಂಗೆ ಕಲಿಸ್ತೀಯಾ?"

"ಕಲಿಸ್ತಿಲ್ಲ. ಟಾರ್ಚು ತಗೊಂಡು ಒಂದ್ಸಲ ನೋಡಿ."

ನೋಡಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ಆ ಟಾರ್ಚು ಗಾರ್ತ್‌ನದು. ವರ್ಲಿನ್ ಹಲ್ಲು ಕಚ್ಚಿಕೊಂಡು ಒಂದರ ಹಿಂದೊಂದು ಗುಂಡು ಒತ್ತಿ ಎಲ್ಲದರ ಬಾಯಿ ಮುಚ್ಚಿಬಿಟ್ಟ.

"ನೋಡೋಕೆ ಏನಯ್ಯ ರೋಗ ನಿಂಗೆ?" ಗಾರ್ತ್ ಎದ್ದು ನಿಂತ. ಎರಡು ತಿಂಗಳ ಮರ್ಯಾದೆ ಒಂದೇ ಏಟಿಗೆ ಹಾರಿಹೋಗಿತ್ತು. "ನನ್ನ ಮೇಲಿನ ಹೊಟ್ಟೆಕಿಚ್ಚಿಗೆ ಆ ಹುಡುಗಿ ಕೈ ಕಳ್ಕೋಬೇಕಾ?"

"ಅವಳು ನನ್ನ ಮಗಳು ಕಣೋ! ನಿನ್ನ ಮಗಳಲ್ಲ!"

"ಏನಪ್ಪಾ ಗಲಾಟೆ?" ಟೆಸ್ಸಾ ಬಾಗಿಲಲ್ಲಿ ನಿಂತಿದ್ದಳು. ಬೆಟ್ಟಕ್ಕೆ ಹೊರಡುವ ಮೊದಲು ತೋಟಾ ಒಯ್ಯಲು ಬಂದಿದ್ದಳು. ಅಪ್ಪನ ಹಲಗೆಯತ್ತ ಕೈ ಚಾಚಿದಳು.

"ಮುಟ್ಟಬೇಡ ಅದನ್ನ," ಎಂದ ಗಾರ್ತ್.

ಅವಳು ಗಾರ್ತ್‌ನತ್ತ ತಿರುಗಿಯೂ ನೋಡದೆ ಒಂದು ತೋಟಾ ಎತ್ತಿಕೊಂಡಳು. "ಅಪ್ಪ, ಸರಿಯಾಗಿವೆಯಾ?"

ಸರಿಯಾಗಿವೆ ಎಂದುಬಿಟ್ಟರೆ ವರ್ಲಿನ್ ಗೆದ್ದ ಹಾಗೆ. ಮಾತು ನಾಲಿಗೆಯವರೆಗೂ ಬಂದಿತ್ತು. ಅಷ್ಟರಲ್ಲಿ ತೋಟಾ ಹಿಡಿದ ಅವಳ ಬೆರಳುಗಳು ಕಣ್ಣಿಗೆ ಬಿದ್ದವು.

"ಇಡು ಅಲ್ಲೇ. ಅವನು ಹೇಳ್ತಿರೋದು ನಿಜ. ಮಾತಾಡ್ತಾ ಸುರಿದೆ, ನಂಗೇ ಗೊತ್ತಿಲ್ಲ."

ಟೆಸ್ಸಾ ತೋಟಾವನ್ನು ಹಲಗೆಗೇ ವಾಪಸ್ ಇಟ್ಟಳು. ಆಮೇಲೆ ಸೊಂಟದ ರಿವಾಲ್ವರಿನ ಮೇಲೆ ಕೈಯಿಟ್ಟು ಕೇಳಿದಳು, "ಹೋದ ತಿಂಗಳು ಕೊಟ್ಟಿದ್ದು? ಆಗಲೂ ಗಾರ್ತ್ ಇಲ್ಲೇ ಇದ್ರಲ್ಲ?"

"ಅವು ಚೆನ್ನಾಗಿವೆ. ಕೊಡಿಲ್ಲಿ, ತೋರಿಸ್ತೀನಿ!" ಎಂದು ವರ್ಲಿನ್ ಅಬ್ಬರಿಸಿದ.

ಅವಳು ರಿವಾಲ್ವರ್ ಬಿಚ್ಚಿ ಆರೂ ತೋಟಾಗಳನ್ನು ಮೇಜಿನ ಮೇಲೆ ಉದುರಿಸಿದಳು. ಗುಂಡು ಬಿಡಿಸಲು ಸುತ್ತಿಗೆಯಂಥದ್ದೊಂದು ಇರುತ್ತದೆ, ಅದರ ತಲೆಯೊಳಗೆ ತೋಟಾ ಸಿಕ್ಕಿಸಿ ಕುಟ್ಟಿದರೆ ಗುಂಡೂ ಮದ್ದೂ ಕಳಚಿಕೊಳ್ಳುತ್ತವೆ. ವರ್ಲಿನ್ ಕುಟ್ಟಿದ. ತಕ್ಕಡಿಯಲ್ಲಿ ಮದ್ದು ಸರಿಯಾಗಿಯೇ ತೂಗಿತು. "ನೋಡು," ಎಂದ. ಎರಡನೆಯದೂ ಸರಿ, ಮೂರನೆಯದೂ ಸರಿ. ಗಾರ್ತ್‌ನ ಕಡೆ ತಿರುಗಿ ಮೂಗು ಮುರಿದು ನಾಲ್ಕನೆಯದನ್ನು ಕುಟ್ಟಿ ಸುರಿದ. ತಕ್ಕಡಿಯ ಬಟ್ಟಲು ದಡಕ್ಕನೆ ಕೆಳಗಿಳಿಯಿತು. ಮದ್ದು ಸರಿಯಾಗಿ ಎರಡರಷ್ಟಿತ್ತು.

ಒಂದು ತಿಂಗಳು ಅದು ಅವಳ ಸೊಂಟದಲ್ಲಿತ್ತು.

"ಟೆಸ್ಸಾ..." ಎಂದ ವರ್ಲಿನ್.

ಅವಳು ಮೇಜನ್ನು ಸುತ್ತಿಕೊಂಡು ಆಚೆ ಬದಿಗೆ ಹೋಗಿ, ಖಾಲಿ ರಿವಾಲ್ವರನ್ನು ಗಾರ್ತ್‌ನ ಹಲಗೆಯ ಪಕ್ಕದಲ್ಲಿ ಇಟ್ಟಳು.

"ನಿಮ್ಮದರಲ್ಲಿ ಆರು ಕೊಡ್ತೀರಾ?" ಎಂದಳು.