ಆಟದ ಬಯಲಿನ ನಟ್ಟನಡುವೆ

ಬೈರಾಪಟ್ಟಣದ ಆಟದ ಬಯಲಿಗೆ ದನ ನುಗ್ಗದಿರಲೆಂದು ಪಂಚಾಯಿತಿಯವರು ತಿರುಗುವ ಗೇಟು ಹಾಕಿಸಿದ್ದರು. ಒಬ್ಬೊಬ್ಬರೇ ಮೈ ಓರೆ ಮಾಡಿಕೊಂಡು ಒಳಗೆ ಹೋಗಬೇಕು. ದನಗಳು ನಿಜಕ್ಕೂ ಹೊರಗೇ ಉಳಿದವು. ಆಡುಗಳು ಮಾತ್ರ ಬೇಲಿಯ ತಂತಿ ಸಡಿಲವಾದ ಕಡೆ ನುಸುಳಿ ಜಾರುಬಂಡೆಯ ನೆರಳಲ್ಲಿ ಮಲಗಿರುತ್ತಿದ್ದವು. ದನಗಳ ಜೊತೆ ಹೊರಗೆ ಉಳಿದವನೆಂದರೆ ಲತಾಮಣಿಯ ಮಗ ದೀಪು.

ದೀಪುಗೆ ಆಗ ಹತ್ತು ವರ್ಷ. ಹುಟ್ಟಿದಾಗಿನಿಂದಲೇ ಅವನ ಎರಡೂ ಕಾಲು ಸೆಟೆದುಕೊಂಡಿದ್ದವು. ನಿಲ್ಲಲು ಆಗುತ್ತಿರಲಿಲ್ಲ. ಕೈ, ಮಾತು, ತಲೆ ಎಲ್ಲ ಚುರುಕು. ಚನ್ನಪಟ್ಟಣದ ಶಿಬಿರವೊಂದರಲ್ಲಿ ಸಿಕ್ಕ ಗಾಲಿಕುರ್ಚಿಯಲ್ಲಿ ಕೂತು ಶಾಲೆಗೆ ಹೋಗಿಬರುತ್ತಿದ್ದ. ಸಂಜೆ ತಾತ ಬೈರಪ್ಪ ಅವನನ್ನು ಬಯಲಿನ ಗೇಟಿನ ಹತ್ತಿರ ಬಿಟ್ಟು ಹಿಪ್ಪುನೇರಳೆ ತೋಟಕ್ಕೆ ಹೋಗುತ್ತಿದ್ದರು. ಹುಡುಗರು ಒಳಗೆ ಕ್ರಿಕೆಟ್ ಆಡುತ್ತಿದ್ದರೆ ಇವನು ಹೊರಗಿನಿಂದ ರನ್ ಕೂಗುತ್ತಿದ್ದ.

ಲತಾಮಣಿಗೆ ಬಿಡದಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವ ಕೆಲಸ. ಮೈಸೂರು ರಸ್ತೆ ಅಗಲವಾದ ಮೇಲೆ ಕಂಪನಿ ಬಸ್ಸು ಊರ ಬಾಗಿಲಿನ ತನಕ ಬರುತ್ತಿತ್ತು. ಅವಳು ಕತ್ತಲಿರುವಾಗಲೇ ಹೊರಟರೆ ಮರಳುವುದು ದನ ಕೊಟ್ಟಿಗೆ ಸೇರುವ ಹೊತ್ತಿಗೆ. ಗಂಡ ಲೋಕೇಶ್ ಲಾರಿ ಓಡಿಸುತ್ತಿದ್ದ, ಮನೆಯಲ್ಲಿ ಇರುತ್ತಿದ್ದುದೇ ಕಡಿಮೆ. ಹಾಗಾಗಿ ಮಗ ಸಂಜೆಯನ್ನು ಹೇಗೆ ಕಳೆಯುತ್ತಾನೆಂದು ಅವಳು ಕಣ್ಣಾರೆ ಕಂಡಿರಲಿಲ್ಲ.

ಒಂದು ದಿನ ಬಸ್ಸು ಬೇಗ ಬಂತು. ಬಯಲಿನ ಪಕ್ಕ ನಡೆದು ಬರುವಾಗ ದೀಪು ಗೇಟಿನ ಕಬ್ಬಿಣದ ಕೊಳವೆ ಹಿಡಿದು ತಿರುಗಿಸುತ್ತಿದ್ದುದು ಕಾಣಿಸಿತು. ಪುಟ್ಟ ಹುಡುಗಿಯೊಬ್ಬಳು ಅದರ ಮೇಲೆ ನಿಂತು ಸುತ್ತುತ್ತ ನಗುತ್ತಿದ್ದಳು.

"ಏನಪ್ಪ ಮಾಡ್ತಿದ್ದೀಯ?" ಎಂದು ಲತಾಮಣಿ ಕೇಳಿದಳು.

"ಆಟ ಆಡ್ತಾ ಇವ್ನಿ ಕಣವ್ವ. ಒಳೀಕೆ ಇರಾದು ಅವ್ರ ಆಟ. ಈ ಗೇಟು ನಂದು" ಎಂದ ದೀಪು. ಅವನ ಮಾತಿನಲ್ಲಿ ದೂರೇನೂ ಇರಲಿಲ್ಲ. ಅದೇ ಅವಳನ್ನು ಚುಚ್ಚಿತು.

ಕೆಲವು ವಾರಗಳ ನಂತರ ಕ್ಯಾಂಟೀನಿನಲ್ಲಿ ಒಂದು ಸುದ್ದಿ ಹಬ್ಬಿತು. ಕೆಲಸಗಾರರು ಬರುವ ಊರುಗಳಲ್ಲಿ ಒಂದನ್ನು ಆರಿಸಿ ಕಂಪನಿ ಅಲ್ಲಿನ ಆಟದ ಬಯಲನ್ನು ಹೊಸದಾಗಿ ಕಟ್ಟಿಸುತ್ತದಂತೆ. ಆ ಕೆಲಸ ನೋಡಿಕೊಳ್ಳುತ್ತಿದ್ದ ಪ್ರತಿಮಾ ಮೇಡಂ ಮಧ್ಯಾಹ್ನ ಊಟಕ್ಕೆ ಬಂದಾಗ ಲತಾಮಣಿ ಸೆರಗಿಗೆ ಕೈ ಒರೆಸಿಕೊಂಡು ಅವರ ಮೇಜಿನ ಹತ್ತಿರ ಹೋಗಿ ನಿಂತಳು. ಮಗನ ವಿಷಯ ಹೇಳಿದಳು, ಗೇಟಿನ ವಿಷಯವನ್ನೂ ಹೇಳಿದಳು. ಪ್ರತಿಮಾ ತಟ್ಟೆ ಪಕ್ಕಕ್ಕಿಟ್ಟು ಪೂರ್ತಿ ಕೇಳಿಸಿಕೊಂಡರು.

"ನಿಮ್ಮೂರಿಗೆ ಬರ್ತೀನಿ. ಆದರೆ ಊರಿನವರೆಲ್ಲ ಒಟ್ಟಿಗೆ ಕೂತು ಇದೇ ಥರ ಬೇಕು ಅಂತ ಒಪ್ಪಬೇಕು. ಇಲ್ಲದಿದ್ದರೆ ಕಟ್ಟಿದ್ದು ಉಳಿಯೋಲ್ಲ" ಎಂದರು.

ಮುಂದಿನ ಭಾನುವಾರ ಶಾಲೆಯ ಜಗುಲಿಯಲ್ಲಿ ಸಭೆ ಸೇರಿತು. ಸೇರಿದಷ್ಟೇ ಬೇಗ ಮುರಿಯಿತು. ಪಂಚಾಯಿತಿ ಮೆಂಬರ್ ಚೆಲುವಯ್ಯನಿಗೆ ಮೊದಲು ಸಿಮೆಂಟಿನ ಕಮಾನು ಬೇಕು, ಅದರ ಮೇಲೆ ಮೆಂಬರುಗಳ ಹೆಸರು ಬೇಕು. ಹುಡುಗರಿಗೆ ಕ್ರಿಕೆಟ್ ಪಿಚ್ಚಿನ ಒಂದಡಿಯನ್ನೂ ಬಿಡಲು ಮನಸ್ಸಿಲ್ಲ. ಬೈರಪ್ಪನಂಥ ಹಿರಿಯರದು ಇನ್ನೊಂದು ತಕರಾರು. ಬಯಲಿನ ನಡುವೆ ಗಟ್ಟಿ ನೆಲವಿತ್ತು. ಸುಗ್ಗಿಯಲ್ಲಿ ಕೆಲವು ಮನೆಯವರು ಅಲ್ಲೇ ಕಣ ಮಾಡಿ ರಾಗಿ ಬಡಿಯುತ್ತಿದ್ದರು. ಅದನ್ನು ಮುಟ್ಟಬಾರದೆಂದು ಅವರು ಪಟ್ಟು ಹಿಡಿದರು. ಕೊನೆಗೆ ಯಾರೋ ಹಿಂದಿನಿಂದ, "ಒಂದ್ ಹುಡ್ಗನಿಗೋಸ್ಕರ ಊರ್ ಗ್ರೌಂಡೇ ಅಗೀಬೇಕಾ?" ಎಂದರು. ಯಾರ ದನಿಯೆಂದು ಲತಾಮಣಿಗೆ ಗೊತ್ತಾಯಿತು. ತಿರುಗಿ ನೋಡಲಿಲ್ಲ.

ಹೊರಡುವಾಗ ಪ್ರತಿಮಾ ಅವಳನ್ನು ಪಕ್ಕಕ್ಕೆ ಕರೆದು, ಈ ತಿಂಗಳೊಳಗೆ ಊರು ಒಂದಾಗದಿದ್ದರೆ ಕೆಲಸ ಮಾಗಡಿ ಕಡೆಯ ಹಳ್ಳಿಗೆ ಹೋಗುತ್ತದೆ ಎಂದು ಹೇಳಿದರು.

ಅಂದಿನಿಂದ ಲತಾಮಣಿ ಬಸ್ಸಿಳಿದವಳು ನೇರ ಮನೆಗೆ ಹೋಗುವುದನ್ನು ಬಿಟ್ಟಳು. ಒಂದೊಂದು ಸಂಜೆ ಒಂದೊಂದು ಬೀದಿ ಹಿಡಿದಳು. ಮಗನ ಮಾತು ತೆಗೆದರೆ ಜನ ಅಯ್ಯೋ ಪಾಪ ಎಂದು ಕಾಫಿ ಕೊಟ್ಟು ಕಳಿಸುತ್ತಾರೆಂದು ಅವಳಿಗೆ ಎರಡನೇ ದಿನಕ್ಕೇ ತಿಳಿಯಿತು. ಆಮೇಲೆ ಆ ಮಾತು ತೆಗೆಯಲೇ ಇಲ್ಲ. "ನಿಮ್ಮನೇಲಿ ಯಾರಾದ್ರೂ ಆ ಗೇಟು ದಾಟೋಕಾಗದವ್ರು ಅವ್ರಾ?" ಎಂದಷ್ಟೇ ಕೇಳಿದಳು.

ಇದ್ದರು. ಲಕ್ವ ಹೊಡೆದು ಒಂದು ಕಡೆ ಸ್ವಾಧೀನ ತಪ್ಪಿದ್ದ ಹನುಮಂತಯ್ಯನಿಗೆ ಡಾಕ್ಟರು ದಿನಾ ನಡೆಯಲು ಹೇಳಿದ್ದರು, ಹಿಡಿದುಕೊಂಡು ನಡೆಯಲು ಊರಿನಲ್ಲಿ ಒಂದು ಕಂಬಿಯೂ ಇರಲಿಲ್ಲ. ಬಸುರಿ ಹೆಂಗಸರು ಆ ಗೇಟಿನಲ್ಲಿ ತೂರುವ ಹಾಗಿರಲಿಲ್ಲ. ಬದ್ರುನ್ನೀಸಾಳ ಮೊಮ್ಮಗಳಿಗೆ ಕಣ್ಣು ಕಾಣುತ್ತಿರಲಿಲ್ಲ.

"ಉಯ್ಯಾಲೆ ಎತ್ತಾಗಿಂದ ಬತ್ತದೆ ಅಂತ ಅವ್ಳಿಗೆ ಗೊತ್ತಾಗಕ್ಕಿಲ್ಲ ಕಣಕ್ಕ. ಒಂದ್ಸಲ ತಲೆಗೆ ಹೊಡೀತು. ಅವತ್ತಿಂದ ನಾನೇ ಕಳಿಸ್ನಿಲ್ಲ" ಎಂದಳು ಬದ್ರುನ್ನೀಸಾ. ಅವಳು ಚನ್ನಪಟ್ಟಣದ ಗೊಂಬೆ ಕಾರ್ಖಾನೆಯಲ್ಲಿ ಮರದ ಆಟಿಕೆಗೆ ಬಣ್ಣ ಹಾಕುತ್ತಿದ್ದಳು. ಮೊಮ್ಮಗಳ ಕೈಯಲ್ಲಿ ಮರದ ಗಿಲಕಿ ಇತ್ತು. ಉಯ್ಯಾಲೆಯ ಸರಪಳಿಗೆ ಇಂಥದ್ದನ್ನೇ ಕಟ್ಟಿದರೆ ಸದ್ದಿನ ಮೇಲೆ ಹುಡುಗಿ ದೂರ ನಿಲ್ಲುತ್ತಾಳಲ್ಲವೇ ಎಂದು ಇಬ್ಬರೂ ಮಾತಾಡಿಕೊಂಡರು.

ಮನೆಯಲ್ಲಿ ಬೈರಪ್ಪ ಇದನ್ನೆಲ್ಲ ನೋಡುತ್ತಲೇ ಇದ್ದರು. ಸೊಸೆ ಹೊತ್ತು ಮೀರಿ ಬಂದು ಮುದ್ದೆ ತಿರುವುವಾಗ ಒಂದು ದಿನ ಕೇಳಿದರು: "ಏನವ್ವ, ಕಣದ ಜಾಗ ಬುಟ್ಟು ಬಾಕಿ ಕಡೆ ಮಾಡ್ಕೊಂಡ್ರೆ ಆಗಕ್ಕಿಲ್ವಾ?"

"ಆಯ್ತದೆ ಮಾವ. ಹಿಂದ್ಗಡೆ ಹೊಂಗೆ ಮರದ ಹತ್ರ ದೀಪುಗೆ ಬೇರೆ ಜಾಗ ಮಾಡಿ ಬೇಲಿ ಹಾಕ್ಸೋಣ ಅಂತವ್ನಿ. ಯಾರಿಗೂ ತೊಂದ್ರೆ ಇಲ್ಲ" ಎಂದಳು ಲತಾಮಣಿ. ಅಲ್ಲಿ ನೆರಳಿತ್ತು. ಮಗನನ್ನು ಯಾರೂ ನಿಂತು ನೋಡುವಂತಿರಲಿಲ್ಲ. ಅದೇ ಒಳ್ಳೆಯದೆಂದು ಅವಳು ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಿದ್ದಳು.

ಬೈರಪ್ಪನಿಗೆ ಸಮಾಧಾನವಾಯಿತು. "ಹಂಗಾದ್ರೆ ಪೇಪರ್ ಮೇಲೆ ಬರ್ದು ತೋರುಸ್ಬೇಡಿ, ಯಾರಿಗೂ ತಿಳಿಯಕ್ಕಿಲ್ಲ. ಮನೆ ಪಾಯಕ್ಕೆ ಹಾಕ್ತೀವಲ್ಲ, ಹಂಗೆ ಸುಣ್ಣದಲ್ಲಿ ನೆಲದ ಮೇಲೆ ಗುರುತು ಹಾಕ್ಸು" ಎಂದರು.

ಪ್ರತಿಮಾಗೆ ಈ ಉಪಾಯ ಬಹಳ ಹಿಡಿಸಿತು. ಮರುವಾರ ಬೆಳಗ್ಗೆ ಬಯಲಿನ ತುಂಬ ಜನ. ಸಭೆಗೆ ಬಾರದ ಹೆಂಗಸರೂ ಕೂಸು ಕಂಕುಳಲ್ಲಿಟ್ಟುಕೊಂಡು ಬಂದಿದ್ದರು. ಬೇಲಿಯ ತಂತಿ ಬಿಚ್ಚಿ ದೀಪುವನ್ನು ಕುರ್ಚಿಯ ಸಮೇತ ಒಳಗೆ ತಂದರು. ಸುಣ್ಣದ ಪುಡಿ ಹಿಡಿದು ಒಬ್ಬರು ಗೆರೆ ಎಳೆಯುವುದು, ಇನ್ನೊಬ್ಬರು ಕಾಲಿನಲ್ಲಿ ಅಳಿಸುವುದು. ಗೇಟು ಎಷ್ಟು ಅಗಲ ಬೇಕೆಂದು ದೀಪುವಿನ ಕುರ್ಚಿ ನಿಲ್ಲಿಸಿ ನೋಡಿದರು. ಹನುಮಂತಯ್ಯ ಕೋಲೂರಿ ಒಂದು ಸುತ್ತು ನಡೆದು, ಕಂಬಿ ತನ್ನ ಎಡಗೈಗೆ ಸಿಗುವ ಕಡೆ ಗೆರೆ ಹಾಕಿಸಿದ. ಕ್ರಿಕೆಟ್ ಹುಡುಗರು ಗೊಣಗುತ್ತಲೇ ಪಿಚ್ಚನ್ನು ತುಸು ಪಡುವಣಕ್ಕೆ ಸರಿಸಿಕೊಂಡರು.

ಕೊನೆಗೆ ಹೊಂಗೆ ಮರದ ಕೆಳಗೆ ಲತಾಮಣಿಯೇ ಒಂದು ಚೌಕ ಬರೆದಳು. ಅದರೊಳಗೆ ಬೆನ್ನಿಗೆ ಆಸರೆ ಇರುವ ಉಯ್ಯಾಲೆಗೊಂದು ಗುರುತು, ಕೂತು ಆಡುವ ಎತ್ತರದ ಮರಳಿನ ತೊಟ್ಟಿಗೊಂದು ಗುರುತು. ಪ್ರತಿಮಾ ದೀಪುವಿನ ಕುರ್ಚಿಯನ್ನು ಅದರೊಳಗೆ ತಂದು ನಿಲ್ಲಿಸಿ, "ಇದು ನಿನಗೆ. ಹೇಗಿದೆ?" ಎಂದರು.

ದೀಪು ಸುತ್ತಲೂ ನೋಡಿದ. ಹುಡುಗರೆಲ್ಲ ದೂರದಲ್ಲಿದ್ದರು.

"ಇಲ್ಲಿಗೆ ಯಾರು ಬತ್ತಾರೆ?"

"ಬೇರೆ ಯಾರೂ ಬರಕ್ಕಿಲ್ಲ ಕಣಪ್ಪ. ನಿಂಗೇ" ಎಂದಳು ಲತಾಮಣಿ.

"ಮತ್ತೆ ಯಾರ್ ಜೊತೆ ಆಡ್ಲಿ?" ಅವನು ತಾಯಿಯ ಮುಖ ನೋಡಿ ಕೇಳಿದ. "ಗೇಟ್ ಹತ್ರ ಆದ್ರೆ ಹೋಗೋರು ಬರೋರು ಮಾತಾದ್ರೂ ಆಡುಸ್ತಾರೆ. ನಾನು ಅಲ್ಲೇ ಇರ್ತೀನಿ ಬುಡವ್ವ."

ಊರಿನ ಬಾಗಿಲನ್ನೆಲ್ಲ ತಟ್ಟಿ ಏನು ಬೇಕೆಂದು ಕೇಳಿಬಂದವಳು ಮನೆಯೊಳಗಿದ್ದ ಮಗನನ್ನು ಕೇಳಿರಲಿಲ್ಲ. ಲತಾಮಣಿ ಚಪ್ಪಲಿ ಕಳಚಿಟ್ಟು, ತಾನೇ ಬರೆದ ಚೌಕದ ನಾಲ್ಕೂ ಗೆರೆಯನ್ನು ಬರಿಗಾಲಿನಲ್ಲಿ ಒರೆಸಿ ಹಾಕಿದಳು. ಸುಣ್ಣದ ಬುಟ್ಟಿ ಎತ್ತಿಕೊಂಡು ಬಯಲಿನ ನಡುವಿಗೆ ನಡೆದಳು. ಒಂದು ಪಕ್ಕ ಜಾರುಬಂಡೆ, ಇನ್ನೊಂದು ಪಕ್ಕ ಮಕ್ಕಳ ಉಯ್ಯಾಲೆಗಳ ಗುರುತು. ಎಲ್ಲ ದಾರಿಯೂ ಅಲ್ಲಿಗೇ ಬಂದು ಸೇರುತ್ತಿತ್ತು. ಅದು ರಾಗಿ ಬಡಿಯುವ ಕಣದ ಜಾಗ.

ಚೆಲುವಯ್ಯ, "ಲತಾಮಣಿ, ಇದು ಆಗೋ ಮಾತಲ್ಲ. ನಿಮ್ ಮಾವನೋರೇ ಒಪ್ಪಕ್ಕಿಲ್ಲ" ಎಂದ.

"ಅವ್ರನ್ನೇ ಕೇಳ್ತೀನಿ" ಎಂದು ಅವಳು ಬೈರಪ್ಪನ ಎದುರು ಹೋಗಿ ನಿಂತಳು. ಹತ್ತು ಜನರೆದುರು ಮಾವನಿಗೆ ಎದುರು ನಿಂತು ಮಾತಾಡಿದವಳಲ್ಲ ಅವಳು. "ಮಾವ, ನಾನು ಹೇಳಿದ್ದು ತಪ್ಪಾಯ್ತು. ಹಿಂದ್ಗಡೆ ಮೂಲೆ ಬ್ಯಾಡ. ಇವನು ಎಲ್ಲಾರ ನಡುವೆ ಆಡ್ಬೇಕು. ಇಲ್ಲೇ ಆಡ್ಬೇಕು. ನೀವು ಇಲ್ಲ ಅಂದ್ರೆ ನಾಳೆ ಕೇಳ್ತೀನಿ, ನಾಳಿದ್ದೂ ಕೇಳ್ತೀನಿ. ಕೇಳೋದ್ ಬುಡಕ್ಕಿಲ್ಲ."

ಬೈರಪ್ಪ ಕಣದ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಅಂಗೈಯಿಂದ ಮಣ್ಣು ಸವರಿದರು. ಅವರ ಅಪ್ಪನ ಕಾಲದಿಂದ ಸಗಣಿ ಸಾರಿಸಿ ಗಟ್ಟಿಯಾದ ನೆಲ. ಟಾರು ರಸ್ತೆಯ ಮೇಲೆ ರಾಗಿ ಹರವಿ ಬಸ್ಸು ಲಾರಿಗಳಿಂದ ತುಳಿಸುವವರನ್ನು ಕಂಡರೆ ಅವರು ಉರಿದುಬೀಳುತ್ತಿದ್ದರು. ಕಲ್ಲು ತಿನ್ನುವವರು ಎಂದು ಹೀಯಾಳಿಸುತ್ತಿದ್ದರು.

"ದೀಪು" ಎಂದು ಕೂಗಿದರು. ಹುಡುಗರು ಕುರ್ಚಿ ತಳ್ಳಿಕೊಂಡು ಬಂದರು. ಬಯಲಿನ ಸಡಿಲ ಮಣ್ಣಿನಲ್ಲಿ ಹೂತು ಹೂತು ಬಂದ ಗಾಲಿಗಳು ಕಣದ ನೆಲಕ್ಕೆ ಬಂದೊಡನೆ ಸಲೀಸಾಗಿ ಉರುಳಿದವು. ದೀಪು ತಾನೇ ಕೈಯಿಂದ ಗಾಲಿ ದೂಡಿಕೊಂಡು ಒಂದು ಸುತ್ತು ಹಾಕಿದ, ಇನ್ನೊಂದು ಸುತ್ತೂ ಹಾಕಿದ.

ಬೈರಪ್ಪ ಮಂಡಿ ಹಿಡಿದುಕೊಂಡು ಎದ್ದರು. "ರಾಗಿ ತುಳ್ಸಕ್ಕೆ ರೋಡ್ ಐತೆ. ಒಸಿ ಕಲ್ಲು ಬಂದ್ರೆ ಕೇರ್ಕೊಂಡು ತಿನ್ನೋಣ" ಎಂದು, ಜೊತೆಯ ಹಿರಿಯರ ಕಡೆ ತಿರುಗಿದರು. "ಏನ್ರಲಾ, ನೀವೇನಂತೀರಿ?"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೈರಪ್ಪನೇ ಬಿಟ್ಟ ಮೇಲೆ ತಮ್ಮದೇನು ಎಂದು ಒಬ್ಬ ಗೊಣಗಿದ. ಲತಾಮಣಿ ಬುಟ್ಟಿಗೆ ಕೈ ಹಾಕಿ ಗೆರೆ ಎಳೆಯತೊಡಗಿದಳು.

ಕೆಲಸ ಮುಗಿಯುವಷ್ಟರಲ್ಲಿ ಮಳೆಗಾಲ ಕಳೆದಿತ್ತು. ತಿರುಗುವ ಗೇಟಿನ ಜಾಗಕ್ಕೆ ದೀಪುವಿನ ಕುರ್ಚಿ ಹಿಡಿಸುವಷ್ಟು ಅಗಲದ ಗೇಟು ಬಂತು. ಎಲ್ಲವೂ ಅಂದುಕೊಂಡ ಹಾಗೆ ಆಗಲಿಲ್ಲ. ಬೆನ್ನಾಸರೆಯ ಉಯ್ಯಾಲೆ ಮೊದಲ ಸಲ ತೀರ ಕಿರಿದಾಗಿ ಬಂತು. ಲತಾಮಣಿ ಪ್ರತಿಮಾಗೆ ದುಂಬಾಲು ಬಿದ್ದು ವಾಪಸು ಕಳಿಸಿ ಬೇರೆಯದನ್ನು ತರಿಸಿದಳು. ಹನುಮಂತಯ್ಯನ ಕಂಬಿ ಅರ್ಧ ಸುತ್ತಿಗೇ ನಿಂತುಹೋಯಿತು. ಚೆಲುವಯ್ಯ ಹಟ ಬಿಡದೆ ಕಮಾನು ಕಟ್ಟಿಸಿ ಹೆಸರನ್ನೂ ಬರೆಸಿಕೊಂಡ. ಬದ್ರುನ್ನೀಸಾ ತಂದ ಮರದ ಗಿಲಕಿಗಳು ಉಯ್ಯಾಲೆಯ ಸರಪಳಿಯಲ್ಲಿ ಲೊಟಲೊಟ ಎನ್ನುತ್ತಿದ್ದವು. ಆ ವರ್ಷ ಬೈರಪ್ಪನ ಮನೆಯ ರಾಗಿ ರಸ್ತೆಯ ಮೇಲೆ ಬಿತ್ತು. ಅವರು ಬಿಸಿಲಿನಲ್ಲಿ ಕಾವಲು ಕೂತು ಲಾರಿಯವರನ್ನು ಬೈಯುತ್ತಿದ್ದರು.

ಒಂದು ಸಂಜೆ ಲತಾಮಣಿ ಕೆಲಸದಿಂದ ಬಂದು ಇನ್ನೂ ಕಾಲು ತೊಳೆದಿರಲಿಲ್ಲ, ಎದುರು ಬೀದಿಯ ಹೆಂಗಸು ಅಳುವ ಮಗನ ಕೈ ಹಿಡಿದುಕೊಂಡು ಬಾಗಿಲಿಗೆ ಬಂದಳು. ಊರ ಸಭೆಯಲ್ಲಿ ಹಿಂದಿನಿಂದ ಮಾತೆಸೆದವಳು ಅವಳೇ.

"ನೋಡವ್ವ ನಿನ್ ಮಗ ಮಾಡಿರಾದು. ತೊಟ್ಟಿ ಮರಳು ತಗೊಂಡು ನನ್ ಮಗನ ಕಣ್ಣಿಗೆ ಎರಚವ್ನೆ. ಕೇಳುದ್ರೆ, ಅವ್ನೇ ಮೊದ್ಲು ಎರಚಿದ್ದು ಅಂತಾನೆ. ಒಸಿ ಬುದ್ಧಿ ಹೇಳು ಅವ್ನಿಗೆ."

ದೀಪು ಹುಟ್ಟಿ ಹತ್ತು ವರ್ಷವಾಗಿದ್ದರೂ ಅವನ ಮೇಲೆ ಒಬ್ಬರೂ ದೂರು ತಂದಿರಲಿಲ್ಲ. ಲತಾಮಣಿ ಹುಡುಗನ ಕಣ್ಣು ಬಿಡಿಸಿ ನೋಡಿ, ತಣ್ಣೀರಿನಲ್ಲಿ ತೊಳೆದು, ಸೆರಗಿನಿಂದ ಒರೆಸಿದಳು. ಕಣ್ಣಿಗೇನೂ ಆಗಿರಲಿಲ್ಲ.

"ನಡಿಯಕ್ಕ, ಬತ್ತೀನಿ" ಎಂದು ಅವಳು ಬಯಲಿಗೆ ಹೊರಟಳು. ದೀಪು ಐದಾರು ಹುಡುಗರ ನಡುವೆ ತೊಟ್ಟಿಗೆ ಕುರ್ಚಿ ಆನಿಸಿಕೊಂಡು ಕೂತಿದ್ದ. ತಲೆಯ ತುಂಬ ಮರಳು, ಮೊಣಕೈ ತರಚಿತ್ತು. ಲತಾಮಣಿ ಸೊಂಟದ ಮೇಲೆ ಕೈಯಿಟ್ಟು ನಿಂತು, ಬೇರೆಲ್ಲ ತಾಯಂದಿರು ಮಕ್ಕಳನ್ನು ಹೇಗೆ ಬೈಯುತ್ತಾರೋ ಹಾಗೆ, ಇಡೀ ಬಯಲಿಗೆ ಕೇಳಿಸುವಂತೆ ಅವನನ್ನು ಬೈದಳು.