ರೇವಣ್ಣನಿಲ್ಲದ ಫೈನಲ್

ಹರಿಹರದ ಕಾಲೇಜು ಫುಟ್‌ಬಾಲಿನಲ್ಲಿ ದಾವಣಗೆರೆಯವರನ್ನು ಸೋಲಿಸಿದ್ದನ್ನು ಕಂಡವರೇ ಇರಲಿಲ್ಲ. ತೊಂಬತ್ತೆಂಟರ ಲೀಗ್ ಪಂದ್ಯದಲ್ಲಿ ಅದೂ ಆಯಿತು. ಭಾನುವಳ್ಳಿಯ ರೇವಣ್ಣ ಒಬ್ಬನೇ ಎರಡು ಗೋಲು ಹೊಡೆದ. ಎರಡನೆಯದು ಪೆನಾಲ್ಟಿ. ನುಗ್ಗುತ್ತಿದ್ದವನ ಅಂಗಿ ಹಿಡಿದು ಜಗ್ಗಿದ್ದವನು ದಾವಣಗೆರೆಯ ಕ್ಯಾಪ್ಟನ್ ಕೊಟ್ರೇಶ್. ಇಬ್ಬರೂ ಕೊರಳಪಟ್ಟಿ ಹಿಡಿದು ಬೈದಾಡಿಕೊಂಡರು.

"ಫೈನಲ್‌ಗೆ ನಮ್ಮೂರಿಗೆ ಬಾರಲೇ, ತೋರಿಸ್ತೀನಿ," ಎಂದ ಕೊಟ್ರೇಶ್.

"ಬರ್ತೀನಿ, ನಿಮ್ ಬಲೆ ಗಟ್ಟಿ ಕಟ್ಟಿಟ್ಟಿರು," ಎಂದ ರೇವಣ್ಣ.

ಹರಿಹರದ ಗೋಲ್‌ಕೀಪರ್ ಮಾಲತೇಶ್ ಗುತ್ತೂರಿನವನು. ಕ್ಲಾಸಿನಲ್ಲಿ ರೇವಣ್ಣನ ಬೆಂಚಿನವನು. ಸೆಮಿಫೈನಲ್ ದಿನ ಗೆಳೆಯನ ಕಣ್ಣು ಹಳದಿಯಾಗಿದ್ದನ್ನು ಮೊದಲು ಕಂಡವನೂ ಅವನೇ.

"ದವಾಖಾನಿಗೆ ಹೋಗಲೇ ನೀನು," ಎಂದ.

"ಫೈನಲ್ ಮುಗೀಲಿ ತಡಿ," ಎಂದು ನಕ್ಕ ರೇವಣ್ಣ, ಆಡಿದ, ಗೆಲ್ಲಿಸಿದ. ಮರುದಿನವೇ ಮಲಗಿದವನು ಏಳಲಿಲ್ಲ. ಕಾಮಾಲೆ ಏರಿತ್ತು. ಚಟ್ಟಕ್ಕೆ ಹೆಗಲು ಕೊಟ್ಟ ಮಾಲತೇಶ್ ಮಾತ್ರ ಅಳಲಿಲ್ಲ. ಅಳು ಬರಲಿಲ್ಲ.

ಫೈನಲ್ ದಾವಣಗೆರೆಯಲ್ಲಿ, ಕೊಟ್ರೇಶನ ತಂಡದೊಡನೆಯೇ. ಹರಿಹರದವರು ಒಂದು ಗೋಲಿನಿಂದ ಹಿಂದಿದ್ದರು. ಆಟ ಮುಗಿಯುವ ಹೊತ್ತಿಗೆ ಚೆಂಡು ಕೊಟ್ರೇಶನ ಕೈಗೆ ತಾಗಿ ಪೆನಾಲ್ಟಿ ಸಿಕ್ಕಿತು. ಹುಡುಗರು ಮುಖ ಮುಖ ನೋಡಿಕೊಂಡರು. ರೇವಣ್ಣನ ಒದೆಯನ್ನು ಒದೆಯಲು ಯಾರ ಕಾಲೂ ಮುಂದೆ ಬರಲಿಲ್ಲ. ಕೊನೆಗೆ ಮಾಲತೇಶನೇ ತನ್ನ ಗೋಲು ಬಿಟ್ಟು ಮೈದಾನದ ಉದ್ದಕ್ಕೂ ನಡೆದು ಬಂದ. ಅವನು ಒದ್ದ ಚೆಂಡು ಅಡ್ಡಕಂಬದ ಮೇಲಿಂದ ಹಾರಿಹೋಯಿತು.

ಗೆದ್ದವರು ಕುಣಿದರು. ಕೊಟ್ರೇಶ್ ಕುಣಿಯಲಿಲ್ಲ. ಹರಿಹರದ ತಂಡ ರೇವಣ್ಣನ ಮನೆಗೆ ಹೊರಟಾಗ ವ್ಯಾನಿನ ಬಾಗಿಲಿಗೆ ಬಂದು ನಿಂತ.

"ನಾನೂ ಬರ್ತೀನಿ."

"ನೀನ್ಯಾಕ?" ಎಂದ ಮಾಲತೇಶ್.

"ಅವ್ನ ಮಣ್ಣಿಗೆ ಬರಾಕ ಮುಖ ಇರ್ಲಿಲ್ಲ."

ಮಾಲತೇಶ್ ಸರಿದು ಜಾಗ ಕೊಟ್ಟ.

ಭಾನುವಳ್ಳಿಯಲ್ಲಿ ರೇವಣ್ಣನ ತಾಯಿ ಮರಿಯವ್ವ ಹುಡುಗರನ್ನು ಕಂಡು ಚಾಪೆ ಹಾಸಿದಳು.

"ಸೋತ್ವಿ ಅವ್ವಾ. ಪೆನಾಲ್ಟಿ ನಾನೇ ಕೆಡಿಸ್ದೆ," ಎಂದ ಮಾಲತೇಶ್.

"ಇರ್ಲಿ ಬಿಡಪ್ಪ. ಕೂಡ್ರಿ, ಉಂಡು ಹೋಗ್ರಿ." ಅವಳ ಕಣ್ಣು ಬೇರೆ ಬಣ್ಣದ ಅಂಗಿಯ ಮೇಲೆ ನಿಂತಿತು. "ಇವ್ನು ಯಾರು?"

"ದಾವಣಗೆರೆ ಕೊಟ್ರೇಶ ಅವ್ವಾ."

"ನೀನಾ?" ಅವಳು ಹತ್ತಿರ ಬಂದಳು. "ಜ್ವರದಾಗೂ ನಿನ್ ಹೆಸ್ರೇ ತಗೀತಿದ್ನಲ್ಲಪ್ಪ. 'ಆ ಕೊಟ್ರೇಶನ್ನ ದಾಟೋದು ಹೆಂಗೆ ಅಂತ ಗೊತ್ತಾತು ಬೇ ಯವ್ವಾ' ಅಂತಿದ್ದ."

ಕೊಟ್ರೇಶ್ ಅವಳ ಕಾಲ ಬಳಿ ಕುಸಿದು ಬಿಕ್ಕಿಬಿಕ್ಕಿ ಅತ್ತ. ಮರಿಯವ್ವ ಅವನ ತಲೆ ಸವರಿದಳು. ಒಬ್ಬೊಬ್ಬರಾಗಿ ಎಲ್ಲರೂ ಅತ್ತರು.

ಮಾಲತೇಶನಿಗೆ ಆಗಲೂ ಅಳು ಬರಲಿಲ್ಲ. ಜ್ವರದಲ್ಲಿ ತನ್ನ ಹೆಸರನ್ನೂ ಒಮ್ಮೆಯಾದರೂ ಹೇಳಿದ್ದನೇ? ಅದನ್ನು ಕೇಳದೆ, ಖಾಲಿ ಕೊಡ ಎತ್ತಿಕೊಂಡು ಹೊರಗೆ ಬಂದು ನಲ್ಲಿಯ ಕೆಳಗಿಟ್ಟ.

"ಮಾಲತೇಶಾ, ಎಲ್ಲಿ ಹೋದ್ಯಪ್ಪ? ಬಾ, ಎಡಿ ಮಾಡೀನಿ, ಉಣ್ಣು," ಎಂದು ಮರಿಯವ್ವ ಒಳಗಿನಿಂದ ಕೂಗಿದಳು.

ಓಗೊಡಲು ಬಾಯಿ ತೆರೆದ. ಬಂದದ್ದು ಅಳು. ಕೊಡ ತುಂಬಿ ನೀರು ಅಂಗಳಕ್ಕೆಲ್ಲ ಹರಿಯುತ್ತಿತ್ತು.